ಕಾಲು ಭಾರ

ಕಜಕಸ್ತಾನದ ಆಯಾಗೋಜ್ ಪಟ್ಟಣದ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಬಲ್ಜಿಯಾ ಅಡುಗೆಯವಳು. ನೂರಿಪ್ಪತ್ತು ಮಕ್ಕಳ ಸಾರಿಗೆ ಉಪ್ಪು ಹಾಕುವ ಮೊದಲೇ ತನ್ನ ಪಾಲನ್ನು ತೆಗೆದಿಟ್ಟುಕೊಳ್ಳುತ್ತಿದ್ದಳು. ಬಾಲ್ಯದಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಎಡಗಡೆಯ ಕವಾಟವನ್ನು ಕೆಡಿಸಿತ್ತು. ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ಮುಂದೆ ಹೋಗದೆ ಶ್ವಾಸಕೋಶದ ಕಡೆಗೇ ಹಿಂದಕ್ಕೆ ಸೋರುತ್ತಿತ್ತು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ಬೆಳಗಿನ ಮಾತ್ರೆ ಅದನ್ನು ಹೊರಗೆ ಕಳಿಸುತ್ತದೆ. ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಡಾಕ್ಟರನ್ನು ಕಾಣಬೇಕು. ಇಷ್ಟನ್ನು ತಪ್ಪದೆ ಪಾಲಿಸಿ ಬದುಕಿದ್ದಳು.

ಆ ವಸಂತದಲ್ಲಿ ತೂಕ ಏರಿತು, ಪಾದ ಊದಿತು. ಆಸ್ಪತ್ರೆಗೆ ಅತ್ತೆ ಕುಲ್ಪಾಶ್ ಜೊತೆಗೆ ಬಂದಳು. ರಷ್ಯನ್ ಡಾಕ್ಟರಮ್ಮ ನೀನಾ ಮಾತ್ರೆ ಹೆಚ್ಚಿಸಿ, ಹೊರಗೆ ಕೂತಿದ್ದ ಅತ್ತೆಗೆ ತನ್ನ ಅರೆಬರೆ ಕಜಕ್‌ನಲ್ಲಿ ಹೇಳಿದಳು: “ನಿಮ್ಮ ಸೊಸೆ ಕಾಲು ಭಾರ. ಜೋಪಾನ.”

‘ಕಾಲು ಊದಿದೆ’ ಎನ್ನಬೇಕಿತ್ತು. ಕಜಕ್ ಮನೆಗಳಲ್ಲಿ ಕಾಲು ಭಾರವಾದವಳೆಂದರೆ ಬಸುರಿ.

ಏಳು ವರ್ಷ ಬಂಜೆ ಎಂದೇ ಕರೆದ ಬಾಯಿ ಅಂದು ಸಂಜೆ ‘ಮಗಳೇ’ ಎಂದಿತು. ಕುಲ್ಪಾಶ್ ಮನೆಯ ಕುದುರೆ ಕಡಿಸಿ, ಉಪ್ಪು ಸವರಿ ಬೇಯಿಸಿದ ಮಾಂಸವನ್ನು ಸೊಸೆಯ ತಟ್ಟೆಗೆ ಬಡಿಸಿದಳು. ನಾಳೆ ನಿಜ ಹೇಳೋಣವೆಂದು ಬಲ್ಜಿಯಾ ತಿಂದಳು. ಮರುದಿನ ಕುಲ್ಪಾಶ್, ಹೊಟ್ಟೆಯ ಮಗುವಿಗೆ ಆಗದೆಂದು, ಮಾತ್ರೆಗಳನ್ನು ಒಲೆಗೆ ಹಾಕಿದಳು. ಅವು ಹೃದಯದ ಮಾತ್ರೆಗಳು ಎಂದು ಬಲ್ಜಿಯಾ ಗೋಗರೆದಳು.

“ಹೃದಯ ಎಲ್ರಿಗೂ ಇರುತ್ತಮ್ಮ,” ಎಂದಳು ಅತ್ತೆ. “ಮಗು ನಿಂಗೆ ಈಗ ಬಂದಿರೋದು.”

ಮತ್ತೆ ಬಂಜೆ ಎನಿಸಿಕೊಳ್ಳಲಾರದೆ ಬಲ್ಜಿಯಾ ಬಸುರಿಲ್ಲ ಎಂದು ಹೇಳದೆ, ದಿನವೂ ಆ ಉಪ್ಪುಮಾಂಸ ತಿಂದಳು. ಹತ್ತನೆಯ ದಿನಕ್ಕೆ ಅವಳಿಗೆ ಮಲಗಲಾಗಲಿಲ್ಲ. ಮಲಗಿದರೆ ಮುಳುಗಿದ ಹಾಗೆ ಉಸಿರು ಕಟ್ಟುತ್ತಿತ್ತು. ಹನ್ನೆರಡನೆಯ ದಿನ ತುಟಿ ನೀಲಿಗಟ್ಟಿತು. ಗಂಡ ಒರಾಲ್ಬೆಕ್ ಆಸ್ಪತ್ರೆಗೆ ಹೊತ್ತುತಂದ.

ಐದು ದಿನ ಸೂಜಿಮದ್ದು ಕೊಟ್ಟು ಅವಳ ಮೈಯಿಂದ ಏಳು ಕಿಲೋ ನೀರು ಇಳಿಸಿದರು. ಬಸುರಿಲ್ಲವೆಂದೂ ಕವಾಟ ಬದಲಿಸಲೇಬೇಕೆಂದೂ ನೀನಾ ಈ ಸಲ ಕಜಕ್ ನರ್ಸಿನ ಕೈಲಿ ಹೇಳಿಸಿದಳು. ಕುಲ್ಪಾಶ್ ಮಂಚದ ಪಕ್ಕ ನಿಂತು ಸೊಸೆಯ ಬಡಕಲು ಹೊಟ್ಟೆಯನ್ನು ನೋಡಿದಳು.

“ನೀರಿಗೋಸ್ಕರ ಕುದುರೆ ಕಡಿಸ್ಬಿಟ್ಟೆನಲ್ಲೇ. ತಿನ್ನೋವಾಗ ನಾಲಿಗೆ ಬಿದ್ದೋಗಿತ್ತಾ ನಿಂಗೆ?”

ಆಮೇಲೆ ಮಗನಿಗೆ, ಇವಳನ್ನು ಇನ್ನು ತವರಿನವರೇ ನೋಡಿಕೊಳ್ಳಲಿ, ನಡಿ ಎಂದಳು. ಬಲ್ಜಿಯಾಳ ತವರಿನಲ್ಲಿ ಯಾರೂ ಉಳಿದಿಲ್ಲವೆಂಬುದು ಮೂವರಿಗೂ ಗೊತ್ತಿತ್ತು. ಒರಾಲ್ಬೆಕ್ ಟೋಪಿ ಹಾಕಿಕೊಂಡು ತಾಯಿಯ ಹಿಂದೆ ನಡೆದ.

ನೀನಾ ಆಪರೇಷನ್ನಿನ ಕಾಗದ ತಂದು, ನಗರಕ್ಕೆ ಜೊತೆಯಲ್ಲಿ ಯಾರು ಬರುತ್ತಾರೆಂದು ಕೇಳಿದಳು.

“ಯಾರೂ ಇಲ್ಲ ಅಂತ ಬರ್ಕೊಳಿ ಡಾಕ್ಟ್ರೇ,” ಎಂದಳು ಬಲ್ಜಿಯಾ. “ತಾರೀಕು ಮಾತ್ರ ಮುಂದಕ್ಕೆ ಹಾಕ್ಬೇಡಿ.”