ನನ್ನ ಪಿಸಿಓಡಿ ಪುಡಿ, ನಮ್ಮ ಗೌರಿ

ಗೆಳತಿಯರೇ, ಪಿಸಿಓಡಿಗೆಂದು ಮೂರು ತಿಂಗಳಿಂದ ನೀರಿಗೆ ಬೆರೆಸಿ ಒಂದು ಪುಡಿ ಕುಡಿಯುತ್ತಿದ್ದೇನೆ. ಮುಟ್ಟು ಇನ್ನೂ ಆಗಿಲ್ಲ. ನೆಂಟರ ಕಣ್ಣಿಗೆ ಬೀಳಬಾರದೆಂದು ಅದನ್ನು ಹೆಸರಿಲ್ಲದ ಡಬ್ಬಿಗೆ ಸುರಿದಿಟ್ಟಿದ್ದೆ. ಅವ್ವ ದನದ ಮಿನರಲ್ ಪುಡಿ ಅಂದುಕೊಂಡು, ಬೆದೆಗೆ ಬಾರದ ನಮ್ಮ ಹಸು ಗೌರಿಗೆ ಹತ್ತು ದಿನದಿಂದ ಬೂಸದಲ್ಲಿ ಕಲಸಿ ಕೊಟ್ಟಿದ್ದಾಳೆ.

ಇವತ್ತು ಬೆಳಿಗ್ಗೆ ಗೌರಿ ಬೆದೆಗೆ ಬಂದು ಕೂಗತೊಡಗಿತು. ಸಾಲಗಾಮೆಯಿಂದ ಬಂದ ದನದ ಡಾಕ್ಟರು, "ಯಾವ ಪುಡಿ ಕೊಟ್ರವ್ವ?" ಅಂದರು. ಅವ್ವ ಡಬ್ಬಿ ತಂದಳು.

"ಅದು ನಂದು, ಪಿಸಿಓಡಿಗೆ ದಿನಾ ನೀರಲ್ಲಿ ಕುಡಿಯೋದು" ಅಂದೆ.

ಡಾಕ್ಟರು ನನ್ನನ್ನು ನೋಡಿ, "ನಿಮ್ಗೇನಾದ್ರೂ ಗುಣ ಕಾಣ್ತಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಎಲ್ಲಿ ಕಾಣ್ತದೆ ಸಾ, ಬರೀ ನೀರ್ಗಾಕ್ಕಂಡ್ ಕುಡೀತಾಳೆ. ನಾಳೆಯಿಂದ ಇವ್ಳಿಗೂ ಬೂಸದಲ್ಲೇ ಕಲಸ್ಕೊಡ್ತೀನಿ."

ನಾನೇ ಡಬ್ಬಿಯನ್ನು ಬೂಸದ ಚೀಲದ ಪಕ್ಕಕ್ಕೆ ಇಟ್ಟು ಬಂದೆ.