ಕೆಳಗಿನ ಎಂಟು ಹಲ್ಲು

ಬನಶಂಕರಿಯ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಲೈಟು ಬಿಟ್ಟು ಮೂಗು ಮುರಿದ. ನನ್ನ ಮಗನಿಗಿಂತ ಚಿಕ್ಕವನು.

"ಅಜ್ಜಿ, ನೀವು ಹಲ್ಲೇ ಉಜ್ಜಲ್ವಾ? ಕೆಳಗಡೆ ಉಳಿದಿರೋ ಎಂಟೂ ಹುಳುಕು. ಎಲ್ಲಾ ಕಿತ್ತು ಸೆಟ್ ಹಾಕ್ಬಿಡೋಣ."

ಬುದ್ಧಿ ಬಂದಾಗಿನಿಂದ ಹಲ್ಲುಜ್ಜದೆ ಕಾಫಿ ಮುಟ್ಟಿದವಳಲ್ಲ ನಾನು. ಮೈ ಉರಿಯಿತು. ಬಾಯಿ ಒಣಗುತ್ತದೆ, ಅಗಿಯದೆ ನುಂಗುವ ಮುದ್ದೆ ಕೂಡ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದೆ.

"ವಯಸ್ಸಾಯ್ತಲ್ಲ ಅಜ್ಜಿ" ಎಂದು, ಸೋಮವಾರ ಕೀಳುವುದಾಗಿ ಬರೆದುಕೊಟ್ಟ.

"ಡಾಕ್ಟ್ರು ಹೇಳಿದ್ಮೇಲೆ ಮುಗೀತಲ್ಲಮ್ಮ" ಎಂದ ಮಗ. ಹಲ್ಲು ಅವನದಲ್ಲವಲ್ಲ. ಸೊಸೆ ಮಾತ್ರ ನನ್ನನ್ನು ಜಯನಗರದ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ಆ ಡಾಕ್ಟರ್ ಹುಡುಗಿ ಹಲ್ಲು ಮುಟ್ಟುವ ಮೊದಲು ಸಣ್ಣ ಕನ್ನಡಿಯೊಂದನ್ನು ಕೆನ್ನೆಯ ಒಳಗೆ ಒತ್ತಿ ಎಳೆದಳು. ಅದು ಅಲ್ಲೇ ಅಂಟಿಕೊಂಡಿತು.

"ಬಾಯಲ್ಲಿ ಎಂಜಲೇ ಇಲ್ವಲ್ಲ ಅಜ್ಜಿ. ಅದಿಲ್ದಿದ್ರೆ ಹಲ್ಲು ಬೇಗ ಹುಳುಕಾಗತ್ತೆ. ಸೆಟ್ ಹಾಕಿದ್ರೂ ನಿಲ್ಲಲ್ಲ, ಉಜ್ಜಿ ಉಜ್ಜಿ ಹುಣ್ಣಾಗತ್ತೆ. ಒಣಗಿದಾಗ ಏನ್ ಮಾಡ್ತೀರ?"

"ಕಲ್ಲುಸಕ್ಕರೆ ಚೀಪ್ತೀನಿ. ದಿನವೆಲ್ಲ."

"ಅಯ್ಯೋ, ಅದೇ ನಿಮ್ಮ ಹಲ್ಲು ತಿಂತಿರೋದು! ನೀರು ಗುಟುಕರಿಸಿ. ಮಾತ್ರೆ ಏನೇನು ತಗೋತೀರ?"

ಸೊಸೆ ಚೀಲ ಸುರಿದಳು. ಬಿಪಿ ಮಾತ್ರೆಗಳ ನಡುವೆ ಇನ್ನೊಂದಿತ್ತು. ನಾಲ್ಕು ವರ್ಷದ ಹಿಂದೆ ಧೂಳಿಗೆ ಸೀನು ಹತ್ತಿದಾಗ ಐದು ದಿನಕ್ಕೆಂದು ಬರೆದ ಮಾತ್ರೆ. ಬಾಯಿ ಒಣಗಿಸುವುದರಲ್ಲಿ ಅದರ ಪಾಲು ದೊಡ್ಡದು ಎಂದಳು ಡಾಕ್ಟರ್ ಹುಡುಗಿ. ಮಗ ಅದೇ ಹಳೇ ಚೀಟಿ ತೋರಿಸಿ ತಿಂಗಳು ತಿಂಗಳೂ ತರುತ್ತಿದ್ದ. ಮೆಡಿಕಲ್ ಶಾಪಿನವರು ಕಣ್ಣು ಮುಚ್ಚಿ ಕೊಡುತ್ತಿದ್ದರು. ನಾನು ಕಣ್ಣು ಮುಚ್ಚಿ ನುಂಗುತ್ತಿದ್ದೆ. ಇಂಗ್ಲಿಷ್ ಓದಲು ಬಾರದು ಎಂಬುದು ನೆಪ. ಇದು ಯಾತಕ್ಕೆ ಎಂದು ಒಂದು ಸಲವಾದರೂ ಕೇಳಬಹುದಿತ್ತು. ಮಗನನ್ನು ಬೈದಷ್ಟೇ ನನ್ನನ್ನೂ ಬೈದುಕೊಂಡೆ.

ಆ ಹುಡುಗಿ ಅಲ್ಲಿಂದಲೇ ನಮ್ಮ ಬಿಪಿ ಡಾಕ್ಟರಿಗೆ ಫೋನು ಮಾಡಿ ಕೇಳಿ, ಆ ಮಾತ್ರೆ ನಿಲ್ಲಿಸಿದಳು. ಒಂದು ಹಲ್ಲು ಹೋಗಲೇಬೇಕು, ಏಳು ಉಳಿಸುತ್ತೇನೆ ಎಂದಳು.

ಸೋಮವಾರ ಬನಶಂಕರಿಗೆ ಬೇಕೆಂದೇ ಹೋದೆ.

"ಬನ್ನಿ ಅಜ್ಜಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಬಾಯಿ ಒಣಗತ್ತೆ ಅಂದಾಗ ಯಾವ ಮಾತ್ರೆ ತಗೋತೀರ ಅಂತ ಒಂದ್ ಮಾತು ಕೇಳಿದ್ಯೇನಪ್ಪ ನೀನು? ಕೀಳೋಕೆ ಮಾತ್ರ ಅವಸರ!"

"ಸ್ವಲ್ಪ ಮೆಲ್ಲಗೆ ಅಜ್ಜಿ, ಹೊರಗೆ ಪೇಷೆಂಟ್ಸ್ ಇದಾರೆ."

ಇದ್ದರು. ಒಬ್ಬ ಹೆಂಗಸು ಬಾಟಲಿ ಹಿಡಿದು ನಿಮಿಷಕ್ಕೊಂದು ಗುಟುಕು ನೀರು ಕುಡಿಯುತ್ತಿದ್ದಳು. ಅವಳ ಮುಂದೆ ನಿಂತು ಹೇಳಿದೆ: "ಮನೆಗೆ ಹೋಗಿ ಮಾತ್ರೆ ಚೀಲ ತಗೊಂಡ್ ಬಾಮ್ಮ. ಅದನ್ನ ನೋಡೋವರೆಗೂ ಇವರ ಮುಂದೆ ಬಾಯಿ ತೆಗೀಬೇಡ."