ಹರಾಜಿನವರ ದನಿ

ನಮ್ಮ ಅತ್ತಿಗೆ ಆಸ್ಪತ್ರೆಯ ಗಂಟಲು ವಿಭಾಗದಲ್ಲಿ ಮಾತು ಕಲಿಸುವವರು. ಕಾಯಿಲೆಯಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಬೇಕಾದವರು ಬಂದರೆ, ಅತ್ತಿಗೆ ಮೊದಲೇ ಅವರಿಂದ ನೂರಾರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆಪರೇಷನ್ ಆದಮೇಲೆ ಆ ವಾಕ್ಯಗಳಿಂದ ಒಂದು ದನಿ ಕಟ್ಟಿ ಮೊಬೈಲಿಗೆ ಹಾಕಿಕೊಡುತ್ತಾರೆ. ಟೈಪ್ ಮಾಡಿದರೆ ಮೊಬೈಲು ರೋಗಿಯ ದನಿಯಲ್ಲೇ ಮಾತಾಡುತ್ತದೆ.

ಆ ವಾರ ಬಂದವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಅವರು ಗಂಟಲು ತೆರೆದರೆ ಮಂಡಿಯ ಸೂರಿನ ಪಾರಿವಾಳಗಳೆಲ್ಲ ಒಮ್ಮೆಗೇ ಹಾರುತ್ತಿದ್ದವಂತೆ. ಈಗ ದನಿ ಒಡೆದಿತ್ತು. ಆದರೂ ಓದಲು ಕೂತರೆ ಪ್ರತಿ ವಾಕ್ಯದ ಕೊನೆಗೂ "ಒಂದ್ಸಲ, ಎರಡ್ಸಲ..." ಎಂದು ಸೇರಿಸಿ ಅತ್ತಿಗೆಯನ್ನು ನಗಿಸುತ್ತಿದ್ದರು.

ಅವರ ಆಪರೇಷನ್ ಆದ ದಿನ ಸಂಜೆ ಅತ್ತಿಗೆ ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಬಸ್ಸಿನ ನೂಕುನುಗ್ಗಲಲ್ಲಿ ನೀರಿನ ಬಾಟಲಿಯ ಮುಚ್ಚಳ ಕಳಚಿ ಬ್ಯಾಗೆಲ್ಲ ತೊಯ್ದು ತೊಪ್ಪೆಯಾಗಿತ್ತು. ಲ್ಯಾಪ್‌ಟಾಪ್ ಅದರಲ್ಲೇ. ರೆಕಾರ್ಡಿಂಗ್‌ಗಳ ಇನ್ನೊಂದು ಪ್ರತಿಯಿದ್ದ ಹಾರ್ಡ್ ಡಿಸ್ಕೂ ಅದರಲ್ಲೇ. ಡಿಸ್ಕ್ ಆಗಲೇ ಸತ್ತಿತ್ತು. ಲ್ಯಾಪ್‌ಟಾಪ್ ಹೇಗೋ ಆನ್ ಆಯಿತು. ಆದರೆ ಪೆನ್‌ಡ್ರೈವ್ ಚುಚ್ಚಿದರೆ ಒಂದು ಕಿಂಡಿಯೂ ಉಸಿರೆತ್ತಲಿಲ್ಲ.

ಅತ್ತಿಗೆ ರಿಪೇರಿಯವರಿಗೆ ಫೋನ್ ಮಾಡಿದರು.

"ಅಯ್ಯೋ, ಆನ್ ಯಾಕ್ರೀ ಮಾಡಿದ್ರಿ?" ಅಂದರು ಅವರು. "ಮಾಡಿದ್ದಾಯ್ತು. ಇನ್ನು ಆಫ್ ಆದ್ರೆ ಮತ್ತೆ ಏಳುತ್ತೆ ಅಂತ ನಾನು ಹೇಳಲ್ಲ. ವೈಫೈ ಬರ್ತಿದ್ಯಾ? ಮನೇಲಿ ಬೇರೆ ಕಂಪ್ಯೂಟರ್ ಇದ್ರೆ ಅದಕ್ಕೆ ಕಳಿಸಿಬಿಡಿ. ಬೇಗ!"

ಇಂಟರ್‌ನೆಟ್ಟಿಗೇ ಏರಿಸಬಹುದಲ್ಲ ಅಂದೆ. "ಆಗಲ್ಲ ಕಣೆ. ಆಸ್ಪತ್ರೆ, ಮನೆ ಬಿಟ್ಟು ಎಲ್ಲೂ ಹೋಗಲ್ಲ ಅಂತ ರೋಗಿಗಳಿಗೆ ಮಾತು ಕೊಟ್ಟಿದ್ದೀನಿ."

ಮನೆಯಲ್ಲಿದ್ದ ಇನ್ನೊಂದು ಕಂಪ್ಯೂಟರ್ ಎಂದರೆ ಅಮ್ಮನದು. ನನ್ನ ಹೊಲಿಗೆ ಮಿಷನ್ನಿನ ಪಕ್ಕ, ನಡುಮನೆಯ ಮೂಲೆಯಲ್ಲಿದ್ದ ಮುದಿ ಡಬ್ಬ. ಅಮ್ಮ ಅದರಲ್ಲಿ ಇಸ್ಪೀಟಾಡುತ್ತಿದ್ದಳು, ಕೂಡಿಟ್ಟ ಧಾರಾವಾಹಿ ನೋಡುತ್ತಿದ್ದಳು. ಅತ್ತಿಗೆ ಅದರಲ್ಲೊಂದು ಫೋಲ್ಡರ್ ತೆರೆದು ಮನೆಯ ನೆಟ್‌ವರ್ಕಿಗೆ ಬಿಟ್ಟರು. ಲ್ಯಾಪ್‌ಟಾಪ್ ಅದನ್ನು ಕಂಡೂ ಒಳಗೆ ಹೋಗಲೊಲ್ಲದು. ಅಮ್ಮನ ಕಂಪ್ಯೂಟರಿಗೆ ಪಾಸ್‌ವರ್ಡೇ ಇರಲಿಲ್ಲ, ಪಾಸ್‌ವರ್ಡ್ ಇಲ್ಲದ ಮನೆಗೆ ಲ್ಯಾಪ್‌ಟಾಪ್ ಕಾಲಿಡದು. ಅತ್ತಿಗೆ ಒಂದು ಪಾಸ್‌ವರ್ಡ್ ಕೊಟ್ಟರು. ಬಾಗಿಲು ತೆರೆಯಿತು. ಮರುಕ್ಷಣವೇ ಇನ್ನೊಂದು ಸೂಚನೆ: ಜಾಗ ಸಾಲದು.

ಅತ್ತಿಗೆ ಅಮ್ಮನ ಮುಖ ನೋಡಿದರು. "ಅತ್ತೆ, ನಿಮ್ಮ ಧಾರಾವಾಹಿ..."

"ಅಷ್ಟು ವರ್ಷ ಅವು ನನ್ನ ಅಳಿಸಿದ್ವು. ಈಗ ನೀನು ಅವನ್ನ ಅಳಿಸು," ಅಂದಳು ಅಮ್ಮ.

ನಗಲು ಯಾರಿಗೂ ಪುರುಸೊತ್ತಿರಲಿಲ್ಲ. ಕಾಪಿ ಆಗುವುದು ಶುರುವಾಯಿತು. ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳಿತು. ಲ್ಯಾಪ್‌ಟಾಪಿನ ಫ್ಯಾನ್ ನಿಂತುಹೋಗಿತ್ತು. ತಳ ಮುಟ್ಟಿದರೆ ಕಾದ ಇಸ್ತ್ರಿಪೆಟ್ಟಿಗೆ. ನಾನು ಅದನ್ನು ಎರಡು ಡಬ್ಬಿಗಳ ಮೇಲೆ ಎತ್ತಿಟ್ಟು, ಬಟ್ಟೆ ಕತ್ತರಿಸುವ ರಟ್ಟಿನಿಂದ ಗಾಳಿ ಹಾಕತೊಡಗಿದೆ.

ಪರದೆ ನೋಡುತ್ತಿದ್ದ ಅತ್ತಿಗೆ ಒಮ್ಮೆಗೇ "ಥೂ!" ಅಂದರು. ಫೋಲ್ಡರುಗಳು ಅಕ್ಷರಮಾಲೆಯ ಸಾಲಿನಲ್ಲಿ ಹೋಗುತ್ತಿದ್ದವು. ಅಕ್ಕಸಾಲಿಗ, ಕಾವಲುಗಾರ, ಗೃಹಿಣಿ. ಹರಾಜಿನವರ 'ಹ' ಎಲ್ಲೋ ತುದಿಯಲ್ಲಿ. ಅತ್ತಿಗೆ ಎಲ್ಲವನ್ನೂ ನಿಲ್ಲಿಸಿ ಅದೊಂದನ್ನೇ ಕಳಿಸಿದರು.

"ಉಳಿದವರದು?" ಅಂದೆ.

"ಅವರ ದನಿ ಅವರವರ ಮೊಬೈಲಲ್ಲಿದೆ. ಇವರದು ಇಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಗಂಟಲಲ್ಲೂ ಇಲ್ಲ."

ಅರ್ಧ ದಾಟಿರಬೇಕು, ಪಟ್ಟಿ ನಿಂತಿತು. ನೋಡಿದರೆ ಲ್ಯಾಪ್‌ಟಾಪ್ ಸರಿಯಾಗಿಯೇ ಇತ್ತು; ಯಾರೂ ಮುಟ್ಟಲಿಲ್ಲವೆಂದು ಅಮ್ಮನ ಡಬ್ಬ ನಿದ್ದೆಗೆ ಜಾರಿತ್ತು. ಅಮ್ಮ ಹೋಗಿ ಅದರ ಮುಂದೆ ಕೂತು ಮೌಸ್ ಹಿಡಿದಳು. "ನೀನು ಆ ಕಡೆ ನೋಡ್ಕೋ. ಇದನ್ನ ನಾನು ಮಲಗೋಕೆ ಬಿಡಲ್ಲ." ಪಟ್ಟಿ ಮತ್ತೆ ಅಲುಗಿತು. ಕುಕ್ಕರು ಕೂಗಿ ಕೂಗಿ ಸುಮ್ಮನಾಯಿತು, ಯಾರೂ ಏಳಲಿಲ್ಲ. ರಟ್ಟು ಬೀಸಿ ಬೀಸಿ ನನ್ನ ಭುಜ ಬಿದ್ದುಹೋಗುವಂತಿತ್ತು.

ಪಟ್ಟಿ ಕೊನೆಗೆ ಬರುತ್ತಿದ್ದಂತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅತ್ತಿಗೆ "ಇನ್ನೊಂಚೂರು, ಇನ್ನೊಂಚೂರು" ಎಂದು ಮಗುವನ್ನು ರಮಿಸುವಂತೆ ಹೇಳುತ್ತಿದ್ದರು. ಪರದೆ ಕಪ್ಪಾಯಿತು. ನಾನು ವೈರ್ ಕಿತ್ತೆ. ಆ ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ.

ಅತ್ತಿಗೆ ಅಮ್ಮನ ಕಂಪ್ಯೂಟರಿನ ಬಳಿ ಹೋದರು, ಆದರೆ ತೆರೆದು ನೋಡುವ ಧೈರ್ಯವಾಗಲಿಲ್ಲ. ಅಮ್ಮನೇ ಒಂದು ಫೈಲಿನ ಮೇಲೆ ಒತ್ತಿದಳು. ಗೊರಗೊರ ಎನ್ನುವ ಹಳೆಯ ಸ್ಪೀಕರಿನಿಂದ ಒಡಕು ದನಿಯೊಂದು ನಡುಮನೆ ತುಂಬಿತು: "ಕಪ್ಪು ಕುದುರೆ ಕೆರೆಯ ಕಡೆ ಓಡಿತು. ಒಂದ್ಸಲ, ಎರಡ್ಸಲ..."

ಎಲ್ಲವೂ ಬಂದಿರಲಿಲ್ಲ. ಓದಿಸಿದ ವಾಕ್ಯಗಳೂ ಒಂದೊಂದು ಅಕ್ಷರಕ್ಕೆ ಒಂದೊಂದು ಗುಂಪಾಗಿ ಅಕ್ಷರಮಾಲೆಯ ಸಾಲಿನಲ್ಲೇ ಇದ್ದವು; 'ಳ' ಬರುವ ವಾಕ್ಯಗಳೆಲ್ಲ ಕಟ್ಟಕಡೆಯ ಗುಂಪು, ಅದು ದಾರಿಯಲ್ಲೇ ಸತ್ತಿತ್ತು. ಅತ್ತಿಗೆ ಮರುದಿನ ವಾರ್ಡಿಗೆ ಹೋಗಿ, ಏನೂ ಮುಚ್ಚಿಡದೆ ಹರಾಜಿನವರಿಗೆ ಹೇಳಿದರು. ಅವರು ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತ ಮಲಗಿದ್ದರಂತೆ, ಅಷ್ಟೆ.

ದನಿ ಸಿದ್ಧವಾದಾಗ ಭಯಪಟ್ಟಂತೆಯೇ ಆಯಿತು. 'ಳ' ಬಂದಲ್ಲೆಲ್ಲ ಅದು 'ಲ' ಅನ್ನುತ್ತಿತ್ತು. ಈರುಳ್ಳಿ ಈರುಲ್ಲಿಯಾಯಿತು, ಬೆಳ್ಳುಳ್ಳಿ ಬೆಲ್ಲುಲ್ಲಿಯಾಯಿತು. 'ಹೇಳು' ಏನಾಯಿತೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಕೇಳಿ ಪಕ್ಕದ ಹಾಸಿಗೆಯವರು ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡರಂತೆ.

ಅತ್ತಿಗೆ ನಾಚಿ, "ನಿಮ್ಮನ್ನ ನೋಡೋಕೆ ಬರ್ತಾರಲ್ಲ ನಿಮ್ಮ ತಮ್ಮ, ಅವರ ದನಿ ನಿಮ್ಮ ಹಾಗೇ ಇದೆ. ಅವರಿಂದ 'ಳ' ಓದಿಸಿ ಸೇರಿಸಿಬಿಡ್ಲಾ?" ಅಂದರು.

ಹರಾಜಿನವರು ಬಹಳ ಹೊತ್ತು ಒಂದೊಂದೇ ಅಕ್ಷರ ಒತ್ತಿದರು. ಮೊಬೈಲು ಅವರದೇ ದನಿಯಲ್ಲಿ ಅಂದಿತು: "ಬೇಡಮ್ಮ. ಅವನಿಗೆ ಕೂಗೋಕೆ ಬರಲ್ಲ."